ಉಳಿದುಹೋದ ಮೂವತ್ತೇಳು ಪೈಸೆ

"ಇನ್ನೊಂದ್ಸಲ ಹೇಳ್ರಿ ಉಚ್ಚೆಂಗಪ್ಪನೋರೆ. ಎಷ್ಟು ಉಳೀತು ಅಂದ್ರಿ?"

"ಮೂವತ್ತೇಳು ಪೈಸೆ, ಮೇಡಂ."

"ರೂಪಾಯಿ ಅಲ್ಲ?"

"ರೂಪಾಯಿ ಆಗಿದ್ರೆ ಮೂರು ತಿಂಗಳು ನಾನ್ಯಾಕ ಸುಮ್ನೆ ಕೂಡ್ತಿದ್ದೆ?"

ದಿಲ್ಷಾದ್ ಬೇಗಂ ಕನ್ನಡಕ ತೆಗೆದು ಸೆರಗಿನ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಎದುರಿಗೆ, ಅಂಗಡಿಯ ಲೆಕ್ಕ ಬರೆಯುವ ಉಚ್ಚೆಂಗಪ್ಪನವರ ಅಂಗೈಯಗಲದ ಒಂದು ನೋಟ್‌ಬುಕ್ಕು. ಪುಟದ ತುಂಬ ಪೆನ್ಸಿಲಿನ ಸಣ್ಣ ಅಕ್ಷರ. ಪ್ರತಿ ಸಾಲಿನಲ್ಲಿ ಒಂದು ತಾರೀಖು, ಅದರ ಮುಂದೆ ಒಂದೇ ಒಂದು ಪೈಸೆ. ಪುಟದ ನೆತ್ತಿಯ ಮೇಲೆ 'ವಾರಸುದಾರರಿಲ್ಲದ್ದು' ಎಂಬ ತಲೆಬರಹ.

ಅವರು ಬೆರಳಿಟ್ಟು ಸಾಲುಗಳನ್ನು ಎಣಿಸಿದರು. ಮೂವತ್ತೇಳು.

'ಬೆಚ್ಚಗೆ' ಎಂಬ ಈ ಆನ್‌ಲೈನ್ ಅಂಗಡಿಯಿಂದ ಹೊರಟು ಗಿರಾಕಿಗಳನ್ನು ತಲುಪದೆ ಮಾಯವಾದ ಕೌದಿಗಳೂ ಮೂವತ್ತೇಳು. ಅವನ್ನು ಕದ್ದವಳು ಪಾರ್ಸೆಲ್ ಕಟ್ಟುವ ರಹಮತ್ ಬೀಯೇ ಎಂದು ತೀರ್ಮಾನಿಸಿದ್ದ ಮಾಲೀಕ ತಾರಿಕ್, ಇವತ್ತು ಸಂಜೆ ಐದು ಗಂಟೆಗೆ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವವನಿದ್ದ.

ಗೋಡೆಯ ಗಡಿಯಾರ ಹತ್ತೂವರೆ ತೋರಿಸುತ್ತಿತ್ತು.

"ಇದನ್ನ ಯಾರಿಗೂ ತೋರಿಸ್ಲಿಲ್ವಾ?"

"ಆಡಿಟರಿಗೆ ತೋರಿಸ್ದೆ. ರೌಂಡ್ ಆಫ್‌ಗೆ ಹಾಕಿ ಕೈ ತೊಳ್ಕೊಳ್ರಿ ಅಂದ್ರು. ಹಾಕಿದೆ. ಆದ್ರೆ ಹಿಂದೆ ನಾನಿದ್ದ ದಲಾಲಿ ಮಂಡಿ ಸಾವ್ಕಾರ್ರು ಪೈಸೆ ತಾಳೆ ಆಗ್ದೆ ನಮ್ಮನ್ನ ಮನೀಗೆ ಕಳಿಸ್ತಿರ್ಲಿಲ್ರಿ. ಯಾರ್ದು ಅಂತ ಗೊತ್ತಿಲ್ಲದ ಪೈಸೆಗೂ ಒಂದು ಪುಟ ಇರ್ಬೇಕು ಅಂತಿದ್ರು. ಮೂವತ್ತು ವರ್ಷದ ಚಾಳಿ, ಬಿಡ್ತದಾ?"

ಪಕ್ಕದ ಮೇಜಿನಿಂದ ನಗು ಕೇಳಿಸಿತು. ಅಂಗಡಿಯ ಕಂಪ್ಯೂಟರ್ ಕೆಲಸ ಪೂರ್ತಿ ನೋಡಿಕೊಳ್ಳುವ ಚೌಡೇಶ್ ಕುರ್ಚಿಯನ್ನು ಅರ್ಧ ಸುತ್ತು ತಿರುಗಿಸಿದ್ದ. ಇಪ್ಪತ್ತೆಂಟರ ಯುವಕ. ಇಸ್ತ್ರಿ ಮಾಡಿದ ಅಂಗಿ, ನುಣುಪಾದ ಮಾತು.

"ಅಜ್ಜಾ, ಆ ಮೂವತ್ತೇಳು ಪೈಸೇಲಿ ಬೆಣ್ಣೆದೋಸೆ ತಿನ್ನಾಕೆ ಹೋಗೋವಾಗ ನನ್ನೂ ಕರೀರಿ."

"ನಿನ್ನ ಹೊಟ್ಟಿಗೆ ಅದು ಎಲ್ಲಿ ಸಾಲ್ತದೋ ಮಾರಾಯ," ಎಂದರು ಉಚ್ಚೆಂಗಪ್ಪ.

ದಿಲ್ಷಾದ್ ಬೇಗಂ ನಗಲಿಲ್ಲ. ತೆರಿಗೆ ಕಚೇರಿಯಲ್ಲಿ ಮೂವತ್ತಮೂರು ವರ್ಷ ಕಡತ ಹೊತ್ತವರು ಅವರು. ನಿವೃತ್ತರಾಗಿ ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ಮನೆಯಲ್ಲಿ ಕೂತರೂ ಜನ ಹುಡುಕಿಕೊಂಡು ಬರುವುದು ನಿಂತಿರಲಿಲ್ಲ. ಪೈಸೆಯ ವಿಷಯದಲ್ಲಿ ನಗುವವರನ್ನು ಅವರು ಬಹಳ ನೋಡಿದ್ದರು. ಅವರಲ್ಲಿ ಕೆಲವರಿಗೆ ನಿಜಕ್ಕೂ ನಗು ಬರುತ್ತಿತ್ತು. ಇನ್ನು ಕೆಲವರಿಗೆ ನಗುವುದು ಅಗತ್ಯವಾಗಿರುತ್ತಿತ್ತು.

"ಈ ಪೈಸೆ ಯಾಕ ಉಳೀತದಪ್ಪಾ ಚೌಡೇಶ್?"

"ರೌಂಡಿಂಗ್ ಎರರ್ ಮೇಡಂ. ಟ್ಯಾಕ್ಸ್ ಲೆಕ್ಕ ಮಾಡೋವಾಗ ಸಾಫ್ಟ್‌ವೇರ್ ಹಂಗೇ ಮಾಡ್ತೈತೆ. ಎಲ್ಲ ಅಂಗಡೀಲೂ ಇರೋದೆ."

"ಸರಿ. ಇನ್ನೊಂದು ಕೇಳ್ತೀನಿ, ನನಗೆ ಇವೆಲ್ಲ ತಿಳಿಯಂಗಿಲ್ಲ. ದುಡ್ಡು ಕಟ್ಟಿದ ಮೇಲೆ ಗಿರಾಕಿ ವಿಳಾಸ ಬದಲಾಯಿಸಾಕೆ ಬರ್ತದಾ?"

"ಬರಲ್ಲ ಮೇಡಂ. ಒಂದ್ಸಲ ಬಿಲ್ ಆತು ಅಂದ್ರೆ ಮುಗೀತು. ಲಾಕ್."

ಅವನು ಉತ್ತರಿಸಿದ್ದು ತಕ್ಷಣ. ಆದರೆ ಉತ್ತರಿಸುವ ಮೊದಲು ಮೇಜಿನ ಮೇಲಿದ್ದ ಮೊಬೈಲನ್ನು ಮಗುಚಿ ಇಟ್ಟಿದ್ದ.

ದಿಲ್ಷಾದ್ ಬೇಗಂ ಎದ್ದರು. "ಉಚ್ಚೆಂಗಪ್ಪನೋರೆ, ಒಂದು ಚಾ ಕುಡಿಸ್ರಿ. ಕಳೆದ ಕೌದಿದು ಒಂದು, ಸರಿಯಾಗಿ ಮುಟ್ಟಿದ್ದರದು ಒಂದು, ಎರಡು ಬಿಲ್ಲು ತಗೊಂಡು ಬರ್ರಿ."

ಒಳಕೋಣೆಯ ನೆಲದ ಮೇಲೆ ರಹಮತ್ ಬೀ ಕಾಲು ಚಾಚಿ ಕೂತು, ದಬ್ಬಣದಿಂದ ಒಂದು ಪಾರ್ಸೆಲಿನ ಬಾಯಿ ಹೊಲಿಯುತ್ತಿದ್ದಳು. ಟೇಪು ಅವಳಿಗೆ ಹಿಡಿಸುತ್ತಿರಲಿಲ್ಲ. ದಾರಿಯಲ್ಲಿ ಬಿಚ್ಚಿಕೊಳ್ಳುವುದು ಕಟ್ಟೇ ಅಲ್ಲ ಎನ್ನುತ್ತಿದ್ದಳು. ಬಿಳಿ ಹುರಿಯ ಅವಳ ಹೊಲಿಗೆ ಇರುವೆ ಸಾಲಿನಷ್ಟು ನೇರ.

"ಇವತ್ತೂ ಬಂದೀಯಲ್ಲ ರಹಮತ್?"

"ಐದು ಗಂಟಿ ತನಕ ಇದು ನನ್ನ ಕೆಲಸಾನೆ ಆಪಾ. ಅಲ್ಲೀತನಕ ಮಾಡ್ತೀನಿ." ಹುರಿಯನ್ನು ಹಲ್ಲಿನಿಂದ ಕಡಿದಳು. "ಹರಿಹರದಾಗೆ ಹದಿನಾಲ್ಕು ಮನಿ ಹೆಂಗಸ್ರು ನನ್ನ ಮುಖ ನೋಡಿ ಕೌದಿ ಹೊಲೀತಾರೆ. ಕಳ್ಳಿ ಅಂತ ಬರೆಸ್ಕೊಂಡ್ರೆ ಯಾವ ಮನಿ ಬಾಗ್ಲಿಗೆ ಹೋಗ್ಲಿ ನಾನು? ದಿನಾ ಸಂಜೀಗೆ ಇಲ್ಲಿ ನಡೆದದ್ದೆಲ್ಲ ಮಗಳಿಗೆ ಹೇಳ್ತಿದ್ದೆ, ಇವತ್ತು ಏನಂತ ಹೇಳ್ಲಿ?"

"ಬರೆಸ್ಕೊಳಲ್ಲ. ನಾನಿಲ್ವಾ?"

ರಹಮತ್ ಬೀ ಹೊಸ ಹುರಿಯನ್ನು ದಬ್ಬಣದ ಕಣ್ಣಿಗೆ ಪೋಣಿಸತೊಡಗಿದಳು.

ಚಹಾದಂಗಡಿಯ ಕಲ್ಲು ಬೆಂಚಿನ ಮೇಲೆ ದಿಲ್ಷಾದ್ ಬೇಗಂ ಎರಡು ಬಿಲ್ಲುಗಳನ್ನು ಹರಡಿದರು. ಗಾಳಿಗೆ ಹಾರದಂತೆ ಒಂದರ ಮೇಲೆ ಕನ್ನಡಕದ ಡಬ್ಬಿ, ಇನ್ನೊಂದರ ಮೇಲೆ ಸ್ಕೂಟಿಯ ಕೀಲಿ.

"ಕೌದಿ ಬೆಲೆ ಸಾವಿರದ ನಾನ್ನೂರ ತೊಂಬತ್ತೊಂಬತ್ತು. ಮೇಲೆ ಐದು ಪರ್ಸೆಂಟ್ ತೆರಿಗೆ. ಎಷ್ಟು?"

ಉಚ್ಚೆಂಗಪ್ಪ ಕಣ್ಣು ಮುಚ್ಚಿದರು. "ಎಪ್ಪತ್ನಾಲ್ಕು ರೂಪಾಯಿ ತೊಂಬತ್ತೈದು ಪೈಸೆ."

"ಗಿರಾಕಿ ಪುಣೆಯೋನಾದ್ರೆ ಅಷ್ಟೇ, ಒಂದೇ ಸಾಲು. ಆದ್ರೆ ನಮ್ಮ ಕರ್ನಾಟಕದೋನಾದ್ರೆ?"

"ಎರಡು ಭಾಗ ಮಾಡ್ಬೇಕು. ಅರ್ಧ ರಾಜ್ಯಕ್ಕೆ, ಅರ್ಧ ಕೇಂದ್ರಕ್ಕೆ."

"ಮಾಡ್ರಿ."

"ಮೂವತ್ತೇಳು ರೂಪಾಯಿ ನಲವತ್ತೇಳೂವರೆ ಪೈಸೆ..." ಅವರು ಕಣ್ಣು ತೆರೆದರು. "ಅರ್ಧ ಪೈಸೆ ಬಂತಲ್ರಿ."

"ಅರ್ಧ ಪೈಸೆ ಯಾರ ಜೇಬಿನಾಗೈತೆ? ಅದಕ್ಕೆ ಕಂಪ್ಯೂಟರ್ ಅದನ್ನ ಪೂರ್ತಿ ಪೈಸೆ ಮಾಡ್ತದೆ. ಅಲ್ಲೂ ನಲವತ್ತೆಂಟು, ಇಲ್ಲೂ ನಲವತ್ತೆಂಟು. ಎರಡೂ ಕೂಡಿಸಿದ್ರೆ ಎಪ್ಪತ್ನಾಲ್ಕು ತೊಂಬತ್ತಾರು. ಒಂದು ಪೈಸೆ ಜಾಸ್ತಿ. ನಮ್ಮ ಆಫೀಸಿನಾಗೆ ವ್ಯಾಪಾರಸ್ಥರು ಈ ಒಂದು ಪೈಸೆಗೆ ಎಷ್ಟು ತಲೆ ಚಚ್ಚಿಕೊಂಡಾರೆ ಗೊತ್ತಾ?"

ಅವರ ಬೆರಳು ಕಳೆದುಹೋದ ಕೌದಿಯ ಬಿಲ್ಲಿನ ಮೇಲೆ ನಿಂತಿತು. ವಿಳಾಸ ಪುಣೆ. ಒಟ್ಟು ಸಾವಿರದ ಐನೂರ ಎಪ್ಪತ್ತಮೂರು ರೂಪಾಯಿ ತೊಂಬತ್ತೈದು ಪೈಸೆ. ಪಾರ್ಸೆಲ್ ಕಳೆದಿದೆಯೆಂದು ಗಿರಾಕಿಗೆ ವಾಪಸ್ ಕೊಟ್ಟಿದ್ದೂ ಅಷ್ಟೇ.

"ಆದ್ರೆ ಬ್ಯಾಂಕಿಗೆ ಬಂದದ್ದು?"

"ತೊಂಬತ್ತಾರು ಪೈಸೆ," ಎಂದರು ಉಚ್ಚೆಂಗಪ್ಪ. "ಅದಕ್ಕೇ ಒಂದು ಉಳೀತಿತ್ತು."

"ತೊಂಬತ್ತಾರು ಕಟ್ಟಿದೋರು ಪುಣೆಯೋರಲ್ಲ ಉಚ್ಚೆಂಗಪ್ಪನೋರೆ, ಕರ್ನಾಟಕದೋರು. ದುಡ್ಡು ಬಂದ ದಿನ ಬಿಲ್ಲಿನಾಗೆ ಪುಣೆ ಇರ್ಲಿಲ್ಲ. ಆಮೇಲೆ ಬಂದು ಕೂತೈತೆ. ಊರು ಬದಲಾಯಿಸಿದೋನಿಗೆ ತೆರಿಗೆನೂ ಬದಲಾಗ್ತದೆ ಅಂತ ಹೊಳೀಲಿಲ್ಲ."

"ಊರು ಯಾಕ ಬದಲಾಯಿಸ್ಬೇಕು?"

"ಹುಬ್ಬಳ್ಳಿಯಾಗೋ ಹರಿಹರದಾಗೋ ಪಾರ್ಸೆಲ್ ಕಳೀತು ಅಂದ್ರೆ ತಾರಿಕ್ ಗಾಡಿ ತಗೊಂಡು ಹೋಗಿ ಕೇಳ್ತಿದ್ದ. ಪುಣೆಗೆ, ಹೈದರಾಬಾದಿಗೆ ಯಾರು ಹೋಗ್ತಾರೆ?"

ಉಚ್ಚೆಂಗಪ್ಪನವರ ಲೋಟದಲ್ಲಿ ಚಹಾ ಕೆನೆಗಟ್ಟಿತ್ತು. "ಮೂರು ತಿಂಗಳು ಬರ್ದು ಬರ್ದು ಇಟ್ಟೆ ಮೇಡಂ. ಒಂದು ದಿನಾನಾದ್ರೂ ಯಾಕ ಅಂತ ಕೇಳ್ಳಿಲ್ಲ. ಆ ತಾಯಿ ಕಳ್ಳಿ ಆದ್ಲು."

"ನೀವು ಬರ್ದಿಟ್ಟಿದ್ದಕ್ಕೇ ಅವಳಿಗೆ ಇನ್ನೂ ದಾರಿ ಐತೆ. ಚಾ ಕುಡೀರಿ. ಕರ್ನಾಟಕದಾಗೆ ಯಾವ ಊರು ಅನ್ನೋದು ನಾನು ನೋಡ್ತೀನಿ."

ಯಾವ ಊರೆಂದು ಬಿಲ್ಲು ಹೇಳುತ್ತಿರಲಿಲ್ಲ. ಆದರೆ ಹುರಿಯಿಂದ ಹೊಲಿದ ಪಾರ್ಸೆಲ್ಲನ್ನು ಒಮ್ಮೆ ಹೊತ್ತ ಯಾರೂ ಮರೆಯುವುದಿಲ್ಲ. ದಾವಣಗೆರೆಯ ಕೊರಿಯರ್ ಕಚೇರಿಯಲ್ಲಿ ವಿಚಾರಿಸಿದಾಗ ಮೂಟೆ ಎಣಿಸುತ್ತಿದ್ದವನು ತಲೆಯೆತ್ತದೆ ಹೇಳಿದ್ದ: "ಹೊಲಿದಿದ್ದಾ? ಅವು ಜಾಸ್ತಿ ಹರಿಹರಕ್ಕೇ ಹೋಗ್ತಾವೆ. ಅಲ್ಲಾಬಕ್ಷ್ ಅಂತ ಅದಾನೆ, ಅವನ್ನ ಕೇಳ್ರಿ."

ಮಧ್ಯಾಹ್ನ ಒಂದೂವರೆಗೆ ದಿಲ್ಷಾದ್ ಬೇಗಂ ಹರಿಹರದಲ್ಲಿದ್ದರು. ಅಲ್ಲಾಬಕ್ಷ್ ತನ್ನ ಮೊಪೆಡ್ಡಿನ ನೆರಳಿನಲ್ಲಿ ಕೂತು ಮಂಡಕ್ಕಿ ತಿನ್ನುತ್ತಿದ್ದ. ಐವತ್ತು ದಾಟಿದವನು, ಹೆಗಲಿಗೆ ಕೊರಿಯರ್ ಚೀಲ.

"ಹೊಲಿದ ಪಾರ್ಸಲ್ಲಾ? ಯಾ ಅಲ್ಲಾ, ಅದನ್ನ ಯಾರಮ್ಮ ಹೊಲಿಯೋದು? ಒಳಗೇನೈತೆ ಅಂತ ಒಂದು ಬೆರಳು ಹಾಕಿ ನೋಡಾಕೂ ಆಗಲ್ಲ."

"ನೋಡಾಕೆ ಪ್ರಯತ್ನ ಮಾಡಿದ್ದಿ ಅಂದಂಗಾತು."

ಅಲ್ಲಾಬಕ್ಷ್ ಕೆಮ್ಮಿದ. ಮಂಡಕ್ಕಿ ಪೊಟ್ಟಣವನ್ನು ಅವರತ್ತ ಚಾಚಿದ. "ತಿನ್ರಿ, ಮೆಣಸಿನಕಾಯಿನೂ ಐತೆ."

"ಎಲ್ಲಿಗೆ ಕೊಡ್ತಿದ್ದಿ ಅವನ್ನ?"

"ಕಡರನಾಯಕನಹಳ್ಳಿ. ವಾರಕ್ಕೆ ಮೂರಂತೂ ಗ್ಯಾರಂಟಿ. ಹಿಟ್ಟಿನ ಗಿರಣಿ ಪಕ್ಕದ ಮನೆ."

"ಎಲ್ಲಾನೂ ಅದೇ ಮನೀಗಾ?"

"ಎಲ್ಲಾನೂ. ಚೀಟಿ ಮೇಲಿನ ಹೆಸ್ರು ಮಾತ್ರ ಒಂದೊಂದ್ಸಲ ಒಂದೊಂದು. ನಾನೂ ನಗ್ತಿದ್ದೆ, ಇಷ್ಟು ಸಣ್ಣ ಮನ್ಯಾಗೆ ಎಷ್ಟು ಜನ ಅದೀರವ್ವ ಅಂತ. ಆಕಿ ಮಾತಾಡ್ತಿರ್ಲಿಲ್ಲ. ಬಾಗ್ಲು ಒಂದು ಮೊಳ ತೆಗೀತಿದ್ಲು, ಕೈ ಚಾಚ್ತಿದ್ಲು, ಸೈ ಹಾಕ್ತಿದ್ಲು, ಮುಚ್ತಿದ್ಲು."

"ಮುಖ ನೋಡಿಲ್ಲ?"

"ಕೈ ನೋಡೀನಿ. ವಯಸ್ಸಿನ ಕೈ ಅಲ್ಲ. ಗುರುವಾರದಿಂದ ಮನಿಗೆ ಬೀಗ ಬಿದ್ದೈತೆ."

ತಾರಿಕ್ ಕಳ್ಳತನದ ಮಾತೆತ್ತಿದ್ದು ಗುರುವಾರ ಬೆಳಿಗ್ಗೆ. ಅಂಗಡಿಯ ಒಳಗಿನಿಂದಲೇ ಯಾರೋ ಹಳ್ಳಿಗೆ ಸುದ್ದಿ ಮುಟ್ಟಿಸಿದ್ದಾರೆ.

ಅಲ್ಲಾಬಕ್ಷನ ಚೀಲದ ತಳದಲ್ಲಿ ಸೈ ಹಾಕಿಸಿಕೊಂಡ ಚೀಟಿಗಳ ಕಂತೆ ಇತ್ತು. ಮುದುರಿದ್ದವು, ಎಣ್ಣೆ ಹತ್ತಿದ್ದವು. ಇಬ್ಬರೂ ಮೊಪೆಡ್ಡಿನ ಸೀಟಿನ ಮೇಲೆ ಹರಡಿ ಕಡರನಾಯಕನಹಳ್ಳಿಯವನ್ನು ಬೇರೆ ಮಾಡಿದರು. ಪ್ರತಿ ಸೈ ಬೇರೆ ಹೆಸರಿನದು, ಆದರೆ ಎಲ್ಲವೂ ಒಂದೇ ಬಗೆಯಲ್ಲಿ ಬಲಕ್ಕೆ ವಾಲಿದ್ದವು.

ಮೂವತ್ತೇಳು ಚೀಟಿ. ಉಚ್ಚೆಂಗಪ್ಪನವರು ಬರೆದಿಟ್ಟ, ದುಡ್ಡು ವಾಪಸ್ ಹೋದ ಒಂದೊಂದು ತಾರೀಖಿಗಿಂತ ಐದೋ ಆರೋ ದಿನ ಹಿಂದಿನವು.

"ಇವು ಸಂಜೀತನಕ ನನ್ನ ಹತ್ರ ಇರ್ಲಿ."

"ಆಫೀಸಿನೋರು ಕೇಳಿದ್ರೆ?"

"ಬೆರಳು ಹಾಕಿ ನೋಡಿದ ವಿಷಯ ನಾನು ಹೇಳಲ್ಲ, ಈ ವಿಷಯ ನೀನು ಹೇಳ್ಬ್ಯಾಡ."

ಅಲ್ಲಾಬಕ್ಷ್ ಚೀಟಿಗಳಿಗೆ ತಾನೇ ರಬ್ಬರ್ ಬ್ಯಾಂಡ್ ಹಾಕಿ ಕೊಟ್ಟ.

ನಾಲ್ಕೂಮುಕ್ಕಾಲಿಗೆ ಅಂಗಡಿಯೊಳಗೆ ಕಾಲಿಟ್ಟಾಗ ತಾರಿಕ್ ಬೈಕಿನ ಕೀಲಿ ಹಿಡಿದು ನಿಂತೇ ಇದ್ದ. ಮೂವತ್ತರ ಹರೆಯ, ಮೂರು ರಾತ್ರಿ ನಿದ್ದೆಯಿಲ್ಲದ ಕಣ್ಣು. ಮೇಜಿನ ಮೇಲೆ ಟೈಪು ಮಾಡಿದ ದೂರು ಇತ್ತು. ಅದರ ಮೂರನೇ ಸಾಲಿನಲ್ಲಿ ರಹಮತ್ ಬೀಯ ಹೆಸರು.

"ಖಾಲಾ, ನೀವು ಕೇಳಿದ ಟೈಮ್ ಕೊಟ್ಟೀನಿ. ಇನ್ನು ಬ್ಯಾಡ. ಪಾರ್ಸಲ್ ಪುಣೆಗೆ ಹೋದ ಗುರುತು ಕೊರಿಯರ್‌ನೋರ ಹತ್ರ ಒಂದೂ ಇಲ್ಲ. ಕಟ್ಟಿದ್ದು ಇವ್ರು. ಮತ್ಯಾರು ತಗೋತಾರೆ?"

"ಹದಿನೈದು ನಿಮಿಷ ಐತೆ, ಕೂಡು. ರಹಮತ್, ನೀನೂ ಬಾ. ಬಾಗ್ಲು ಮುಂದಕ್ಕೆ ಮಾಡ್ರಿ ಉಚ್ಚೆಂಗಪ್ಪನೋರೆ. ಚೌಡೇಶ್, ನಿನ್ನ ಕುರ್ಚಿ ಒಂದೀಟು ತಾರಿಕ್‌ಗೆ ಬಿಟ್ಟುಕೊಡಪ್ಪ."

"ಯಾಕ್ ಮೇಡಂ?"

"ಮಾಲೀಕ ಅವನಲ್ವಾ? ಒಂದು ಕೌದಿ ಆರ್ಡರ್ ಹಾಕ್ಲಿ. ಹುಬ್ಬಳ್ಳಿ ವಿಳಾಸಕ್ಕೆ."

ತಾರಿಕ್ ಗೊಣಗುತ್ತ ಕೂತ. ಕೀಲಿಮಣೆ ಟಪಟಪ ಎಂದಿತು. ಪರದೆಯ ಮೇಲೆ ಬಿಲ್ಲು ಮೂಡಿತು.

"ಒಟ್ಟು ಓದು."

"ಸಾವಿರದ ಐನೂರ ಎಪ್ಪತ್ಮೂರು ರೂಪಾಯಿ ತೊಂಬತ್ತಾರು ಪೈಸೆ."

"ಈಗ ಹುಬ್ಬಳ್ಳಿ ಅಳಿಸಿ ಪುಣೆ ಬರಿ."

"ಮೇಡಂ, ಬಿಲ್ ಆದ್ಮೇಲೆ ಅದಕ್ಕೆ ಬರಲ್ಲ ಅಂತ ಬೆಳಿಗ್ಗೇನೆ..." ಚೌಡೇಶ್ ಮುಂದೆ ಬಾಗಿದ. ಉಚ್ಚೆಂಗಪ್ಪ ಅವನ ಭುಜದ ಮೇಲೆ ಕೈಯಿಟ್ಟರು. ಮುದಿ ಕೈ, ಆದರೆ ಮಂಡಿಯ ಹತ್ತಿ ಮೂಟೆಗಳ ನಡುವೆ ಗಟ್ಟಿಯಾದದ್ದು.

"ನೋಡನ ತಮ್ಮ. ಬರದಿದ್ರೆ ಬರಂಗಿಲ್ಲ."

ತಾರಿಕ್ ಬರೆದು ಗುಂಡಿ ಒತ್ತಿದ. ಹುಬ್ಬಳ್ಳಿ ಹೋಗಿ ಪುಣೆ ಬಂತು. ಯಾವ ತಕರಾರೂ ಇಲ್ಲದೆ ಬಂತು. ಕೆಳಗಿನ ಒಟ್ಟು ಮೊತ್ತ ಒಂದು ಸಲ ಮಿಟುಕಿ ನಿಂತಿತು.

"ತೊಂಬತ್ತೈದು," ಎಂದ ತಾರಿಕ್. ಅವನ ಹುಬ್ಬು ಗಂಟಿಕ್ಕಿತು. "ಒಂದು ಪೈಸೆ ಕಮ್ಮಿ ಆತು."

"ಮೂಲೆಯಾಗೆ ಸಣ್ಣ ಅಕ್ಷರದಾಗೆ ಏನೋ ಬರ್ದೈತೆ. ನನ್ನ ಕನ್ನಡಕಕ್ಕೆ ನಿಲುಕಲ್ಲ, ನೀನೇ ಓದು."

"ವಿಳಾಸ ಬದಲಿಸಿದವರು, ತಾರಿಕ್... ಈಗಿನ ಟೈಮು."

"ಈಗ ಕಳೆದುಹೋದ ಬಿಲ್ಲು ಒಂದು ತೆಗಿ. ಅದೇ ಮೂಲೆ ನೋಡು."

ತಾರಿಕ್ ತೆಗೆದ. ಓದಲಿಲ್ಲ. ಇನ್ನೊಂದನ್ನು ತೆಗೆದ, ಮತ್ತೊಂದನ್ನು ತೆಗೆದ. ಆಮೇಲೆ ಕುರ್ಚಿಯ ಸಮೇತ ನಿಧಾನವಾಗಿ ತಿರುಗಿದ.

"ಚೌಡೇಶ್, ಎಲ್ಲದರಾಗೂ ನಿನ್ನ ಹೆಸರು ಯಾಕ ಐತೆ?"

"ಸಾರ್, ಅದು ಅಪ್‌ಡೇಟ್ ಮಾಡೋವಾಗ ತಾನಾಗೇ..."

ದಿಲ್ಷಾದ್ ಬೇಗಂ ರಬ್ಬರ್ ಬ್ಯಾಂಡ್ ಬಿಚ್ಚಿ ಚೀಟಿಗಳನ್ನು ಮೇಜಿನ ಮೇಲೆ ಸುರಿದರು. "ಕಡರನಾಯಕನಹಳ್ಳಿಗೆ ಈ ಮೂವತ್ತೇಳು ಕೌದಿ ತಾನಾಗೇ ಹೋದ್ವಾ? ದುಡ್ಡು ಕಟ್ಟಿಸ್ಕೊಂಡಿ, ಮಾಲು ಮುಟ್ಟಿಸಿದಿ. ಆಮೇಲೆ ಊರು ಬದಲಾಯಿಸಿ, ಪಾರ್ಸಲ್ ಕಳೀತು ಅಂತ ಬರ್ದು, ದುಡ್ಡು ವಾಪಸ್ ಕಳಿಸಿದಿ. ಕಳ್ಳಿ ಅನ್ನಿಸ್ಕೊಂಡು ಈಕಿ ಮೂರು ದಿನದಿಂದ ಇದೇ ನೆಲದ ಮ್ಯಾಲೆ ಕೂತು ನಿಮ್ಮ ಪಾರ್ಸಲ್ ಹೊಲೀತಾಳೆ. ನೀನು ದೋಸೆ ಜೋಕು ಹೊಡೀತಿ."

ಚೌಡೇಶ್ ಬಾಗಿಲತ್ತ ನೋಡಿದ. ಅಲ್ಲಿ ಉಚ್ಚೆಂಗಪ್ಪ ನಿಂತಿದ್ದರು.

"ನಂದು ಪಾರ್ಸಲ್ಲಿಗೆ ಇನ್ನೂರು ರೂಪಾಯಿ ಅಷ್ಟೇ ಮೇಡಂ. ನಮ್ಮವ್ವನಾಣೆ, ಒಂದು ಕೌದಿನೂ ನಾನು ಮುಟ್ಟಿಲ್ಲ. ಪ್ಲಾನು ನಂದಲ್ಲ, ಅವ್ರದ್ದು."

"ಅವ್ರು ಅಂದ್ರೆ?"

"ಗೊತ್ತಿಲ್ಲ. ಮುಖ ನೋಡಿಲ್ಲ. ಫೋನಿನಾಗೇ ಮಾತು. ಅಂಗಡಿ ಒಳಗಿನ ವಿಷಯ ಎಲ್ಲ ಅವ್ರಿಗೆ ಮೊದ್ಲೇ ಗೊತ್ತಿರ್ತಿತ್ತು. ಯಾವ ಕೌದಿ ಬಂದೈತೆ, ಯಾವ ದಿನ ಕಟ್ತಾರೆ, ಈ ಅಮ್ಮನಿಗೆ ಚೀಟಿ ಮೇಲಿನ ಇಂಗ್ಲಿಷ್ ಓದಾಕೆ ಬರಲ್ಲ ಅನ್ನೋದೂ..."

ದಿಲ್ಷಾದ್ ಬೇಗಂ ಕತ್ತು ತಿರುಗಿಸಿ ರಹಮತ್ ಬೀಯನ್ನು ನೋಡಿದರು. ಅವಳು ಗೋಡೆಗೆ ಒರಗಿದ್ದಳು. ಮೂರು ದಿನಗಳಲ್ಲಿ ಮೊದಲ ಸಲ ಅವಳ ಹೆಗಲು ಸಡಿಲಾಗಿತ್ತು. ಸೆರಗಿನಿಂದ ಕಣ್ಣಿನ ತುದಿ ಒತ್ತಿಕೊಳ್ಳುತ್ತಿದ್ದಳು.

ತಾರಿಕ್ ಎದ್ದು ನಿಂತ. ದೂರಿನ ಹಾಳೆ ಎಳೆದುಕೊಂಡು ಪೆನ್ನು ತೆಗೆದ. "ಮಾಫ್ ಕರೋ, ರಹಮತ್ ಬೀ. ನಿಮ್ಮ ಹೆಸರು ಈಗ್ಲೇ ಹೊಡೆದು ಹಾಕ್ತೀನಿ. ಇವನ ಹೆಸರು ಬರೀತೀನಿ."

"ಇವನೊಬ್ಬನದೇ ಸಾಲಲ್ಲ," ಎಂದರು ದಿಲ್ಷಾದ್ ಬೇಗಂ. "ಚೌಡೇಶ್, ಫೋನ್ ಹಚ್ಚು ಆ ನಂಬರಿಗೆ. ಎಲ್ಲರಿಗೂ ಕೇಳಂಗೆ ಸ್ಪೀಕರ್ ಹಾಕು. ನಾವಿಲ್ಲಿ ಇರೋದು ಅವಳಿಗೆ ತಿಳೀಬಾರ್ದು."

ಚೌಡೇಶನ ಹೆಬ್ಬೆರಳು ಎರಡು ಸಲ ತಪ್ಪು ಗುಂಡಿ ಒತ್ತಿತು. ಮೂರನೇ ಸಲ ಕರೆ ಹೋಯಿತು. ಒಂದು ರಿಂಗು, ಎರಡು ರಿಂಗು.

ಕರೆ ಹತ್ತಿತು. ಹೆಣ್ಣು ದನಿ, ಚಿಕ್ಕ ವಯಸ್ಸಿನದು. ತುಸು ಬೇಸರ, ತುಸು ಅವಸರ.

"ಹಾಂ ಚೌಡೇಶಣ್ಣಾ. ಏನಾತು, ಗಲಾಟಿ ಮುಗೀತಾ? ಆ ಮುದುಕಿನ ಪೊಲೀಸ್ನೋರು ಕರ್ಕೊಂಡು ಹೋದ್ರಾ ಇಲ್ವಾ?"

ಚೌಡೇಶ್ ಬಾಯಿ ತೆರೆದ. ಮಾತು ಹೊರಡುವ ಮೊದಲೇ ಅವನ ಕೈಯಿಂದ ಯಾರೋ ಫೋನ್ ಕಿತ್ತುಕೊಂಡು ಕರೆ ಕತ್ತರಿಸಿದರು.

ರಹಮತ್ ಬೀ.

ಗೋಡೆಯಿಂದ ಮೇಜಿನ ತನಕ ಅವಳು ಯಾವಾಗ ಬಂದಳೆಂದು ಯಾರಿಗೂ ತಿಳಿದಿರಲಿಲ್ಲ. ಅವಳ ಮುಖದಲ್ಲಿ ಅಳು ಇರಲಿಲ್ಲ, ಸಿಟ್ಟೂ ಇರಲಿಲ್ಲ. ದಬ್ಬಣಕ್ಕೆ ಹುರಿ ಪೋಣಿಸುವಾಗ ಇರುತ್ತಿದ್ದ ನಿಗಾ ಮಾತ್ರ ಇತ್ತು.

"ರಹಮತ್! ಏನು ಮಾಡ್ದಿ? ಯಾರದು ಆ ದನಿ?"

ಅವಳು ದಿಲ್ಷಾದ್ ಬೇಗಂ ಕಡೆ ನೋಡಲಿಲ್ಲ. ತನ್ನ ಹೆಸರಿನ ಮೇಲೆ ಗೀಟು ಎಳೆಯಲು ಬಾಗಿದ್ದ ತಾರಿಕ್‌ನ ಮಣಿಕಟ್ಟನ್ನು ಹಿಡಿದಳು. ಮನೆಯ ಮಾತಾದ ಉರ್ದುವಿನಲ್ಲಿ ಹೇಳಲಿಲ್ಲ. ಬಾಗಿಲಲ್ಲಿ ನಿಂತ ಉಚ್ಚೆಂಗಪ್ಪನವರಿಗೂ, ಚೌಡೇಶನಿಗೂ ತಿಳಿಯಲೆಂದು ಕನ್ನಡದಲ್ಲೇ ಹೇಳಿದಳು.

"ಹೊಡೀಬ್ಯಾಡ್ರಿ ಸಾವ್ಕಾರ್ರೆ, ಇರ್ಲಿ. ಆ ಮೂವತ್ತೇಳು ಕೌದಿನೂ ನಾನೇ ತಗೊಂಡೀನಿ. ನಡೀರಿ, ಐದು ಗಂಟಿ ಆತು."